ಕೆಲಸ ಬರುವುದು, ಕೆಲಸ ಸಿಗುವುದು: ನಾಗಪುರದ ವಿಜ್ಞಾನ ಶಿಕ್ಷಣದ ಕಥೆ

ನಾಗಪುರದ ಬಜಾಜ್ ನಗರದ ಪಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಹರಡಿಕೊಂಡಿರುವ ಎಂಜಿನಿಯರಿಂಗ್ ಸಂಸ್ಥೆಯೊಂದಿದೆ. ಹಳೆಯ ವಿದ್ಯಾರ್ಥಿಗಳಿಗೆ ಅದು ವಿ.ಆರ್.ಸಿ.ಇ., ಈಗಿನವರಿಗೆ ವಿ.ಎನ್.ಐ.ಟಿ. ಎರಡರಲ್ಲೂ ಮೊದಲು ಬರುವ 'ವಿ' ಅಕ್ಷರ ವಿಶ್ವೇಶ್ವರಯ್ಯನವರದು. 1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಲೇಜಿನ ಆಡಳಿತ ಮಂಡಳಿ ಸಭೆ ಸೇರಿ ಅವರ ಹೆಸರನ್ನು ಸಂಸ್ಥೆಗೆ ಇಡಲು ತೀರ್ಮಾನಿಸಿತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಹೆಸರಾಂತ ಮನುಷ್ಯ ವಿದರ್ಭದ ಕಾಲೇಜೊಂದರ ಗೇಟಿನ ಮೇಲೆ ಬಂದದ್ದು ಹೀಗೆ.

ಮಕ್ಕಳು ವಿಜ್ಞಾನ ತಂತ್ರಜ್ಞಾನ ಓದಿ ಏನನ್ನು ಕಲಿಯಬೇಕು ಎಂಬ ಬಗ್ಗೆ ವಿಶ್ವೇಶ್ವರಯ್ಯನವರಿಗೆ ಖಚಿತ ಅಭಿಪ್ರಾಯವಿತ್ತು. ಆ ಗೇಟಿನೊಳಗೆ ಮಕ್ಕಳನ್ನು ಕಳಿಸಿದ ತಂದೆ ತಾಯಿಗಳಿಗೂ ಖಚಿತ ಅಭಿಪ್ರಾಯವಿತ್ತು. ಎರಡೂ ಒಂದೇ ಅಲ್ಲ. ಕನ್ನಡದ ಒಂದು ಮಾತು ಈ ವ್ಯತ್ಯಾಸವನ್ನು ಚೆನ್ನಾಗಿ ಹಿಡಿದುಕೊಡುತ್ತದೆ. 'ಅವನಿಗೆ ಕೆಲಸ ಬರುತ್ತದೆ' ಎಂದರೆ ಅವನು ಕೆಲಸ ಬಲ್ಲವನು, ಕೈ ಪಳಗಿದವನು. 'ಅವನಿಗೆ ಕೆಲಸ ಸಿಕ್ಕಿತು' ಎಂದರೆ ತಿಂಗಳ ಸಂಬಳ ಗೊತ್ತಾಯಿತು, ಮನೆಯವರು ನಿಟ್ಟುಸಿರು ಬಿಟ್ಟರು ಎಂದರ್ಥ. ನೌಕರಿ, ಉದ್ಯೋಗ, ಕಸುಬು ಎಂದು ಬೇರೆ ಬೇರೆ ಪದಗಳಿದ್ದರೂ ಮನೆಮಾತಿನಲ್ಲಿ ಎರಡಕ್ಕೂ 'ಕೆಲಸ'ವೇ. ಶಾಲೆ ಕಟ್ಟಿದವರು ಹೆಚ್ಚಾಗಿ ಮೊದಲನೆಯದನ್ನು ಬಯಸಿದರು, ಹೆತ್ತವರು ಎರಡನೆಯದನ್ನು. ನಾಗಪುರದ ಸುಮಾರು ನೂರು ವರ್ಷಗಳ ಚರಿತ್ರೆಯಲ್ಲಿ ಈ ಜಗ್ಗಾಟ ಸ್ಪಷ್ಟವಾಗಿ ಕಾಣುತ್ತದೆ. ಹೆತ್ತವರದು ಬರೀ ಸಂಬಳದ ಆಸೆ ಎಂದು ತಳ್ಳಿಹಾಕುವುದು ಎಷ್ಟು ತಪ್ಪು ಎಂಬುದೂ ಅಲ್ಲೇ ಕಾಣುತ್ತದೆ.

ಗಿರಣಿಯೇ ಶಾಲೆ

1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಿದ ದಿನವೇ, ಜಮ್‌ಶೆಟ್‌ಜಿ ಟಾಟಾ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದರು. ಆಗ ಬಟ್ಟೆ ಗಿರಣಿ ಎಂದರೆ ಮುಂಬೈ. ಟಾಟಾ ಮಾತ್ರ ಹತ್ತಿ ಬೆಳೆಯುವ ನೆಲಕ್ಕೇ ಗಿರಣಿಯನ್ನು ತಂದರು. ರೈಲು ಇತ್ತು, ಕಲ್ಲಿದ್ದಲು ಹೆಚ್ಚು ದೂರವಿರಲಿಲ್ಲ. ಇಲ್ಲದ್ದು ಒಂದೇ, ಯಂತ್ರದ ಕೆಲಸ ಬಲ್ಲ ಜನ.

ಅದಕ್ಕಾಗಿ ಅಲ್ಲಿ ಯಾವ ಶಾಲೆಯೂ ಇರಲಿಲ್ಲ. ಗಿರಣಿಯ ಮ್ಯಾನೇಜರ್ ಆದ ಬೆಜನ್‌ಜಿ ದಾದಾಭಾಯಿ ಮೆಹ್ತಾ ಅವರೇ ಮೊದಲು ರೈಲ್ವೆಯಲ್ಲಿದ್ದವರು, ಬಟ್ಟೆ ಉದ್ಯಮದ ಗಂಧವೂ ಇರದವರು. ಅವರು ಕೆಲಸವನ್ನು ಗಿರಣಿಯಲ್ಲೇ ಕಲಿತರು. ಕೂಲಿಗಳೂ ಹಾಗೆಯೇ ಕಲಿತರು. ಇಂಗ್ಲೆಂಡಿನ ಗಿರಣಿ ಮಾಲೀಕರೇ ಒಪ್ಪಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದ ರಿಂಗ್ ಸ್ಪಿಂಡಲ್‌ಗಳನ್ನು ಟಾಟಾ ನಾಗಪುರದಲ್ಲಿ ಪ್ರಯೋಗಿಸಿ ನೋಡಿದರು. ನೋಡಿ, ಮಾಡಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿಯುವ ಕ್ರಮ ಅದು. ಅಲ್ಲಿ ಕೆಲಸ ಕಲಿಯುವುದಕ್ಕೂ ಕೆಲಸ ಸಿಗುವುದಕ್ಕೂ ನಡುವೆ ಅಂತರವೇ ಇರಲಿಲ್ಲ. ಕೆಲಸ ಸಿಕ್ಕವನಿಗಷ್ಟೇ ಕೆಲಸ ಕಲಿಯುವ ಅವಕಾಶ.

ಆದರೆ ನಾಗಪುರದ ಓದಿದ ಮನೆಗಳು ಮಕ್ಕಳನ್ನು ಗಿರಣಿಗೆ ಕಳಿಸುವ ಕನಸು ಕಾಣಲಿಲ್ಲ. 1861ರಿಂದ ಈ ಊರು ಮಧ್ಯ ಪ್ರಾಂತ್ಯಗಳ ರಾಜಧಾನಿ. ಸಚಿವಾಲಯ, ನ್ಯಾಯಾಲಯ, ಖಜಾನೆ, ರೈಲ್ವೆ ಕಚೇರಿ ಎಲ್ಲ ಇಲ್ಲಿದ್ದವು. 1883ರಲ್ಲಿ ಸ್ಕಾಟಿಷ್ ಮಿಷನರಿಗಳ ಹಿಸ್ಲಾಪ್ ಕಾಲೇಜು, 1885ರಲ್ಲಿ ಮಾರಿಸ್ ಕಾಲೇಜು ಶುರುವಾದವು. ಬಿ.ಎ. ಮುಗಿಸಿದವನಿಗೆ ಕುರ್ಚಿಯೊಂದು ಕಾದಿರುತ್ತಿತ್ತು, ಅಥವಾ ಕಾದಿದೆ ಎಂಬ ನಂಬಿಕೆಯಾದರೂ ಇತ್ತು. ಗಿರಣಿಯಲ್ಲಿ ಬೆರಳು ಹೋಗಬಹುದು, ಮಂದಿ ಹೆಚ್ಚಾದರೆ ತೆಗೆದುಹಾಕಬಹುದು. ಸರ್ಕಾರಿ ಕುರ್ಚಿ ಮಾತ್ರ ಮಳೆ ಬರಲಿ ಬರಗಾಲ ಬರಲಿ ಅಲುಗುವುದಿಲ್ಲ, ಕೊನೆಗೆ ಪಿಂಚಣಿಯನ್ನೂ ಕೊಡುತ್ತದೆ. ಹೀಗೆ ಯೋಚಿಸಿದ ತಂದೆಯನ್ನು ಅಂದಿನ ಸುಧಾರಕರು ಗುಮಾಸ್ತಗಿರಿಯ ಮೋಹಿ ಎಂದು ಬೈಯುತ್ತಿದ್ದರು. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ವಿಜ್ಞಾನ ಓದಿ ಲೆಕ್ಕಪತ್ರಕ್ಕೆ

1906ರಲ್ಲಿ ವಿಕ್ಟೋರಿಯಾ ಹೆಸರಿನಲ್ಲಿ ಸರ್ಕಾರಿ ವಿಜ್ಞಾನ ಕಾಲೇಜು ನಾಗಪುರಕ್ಕೆ ಬಂತು. ಆದರೆ ವಿಜ್ಞಾನ ಓದಿದವನಿಗೆ ವಿಜ್ಞಾನದ ಕೆಲಸ ಎಲ್ಲಿತ್ತು? ಈ ಪ್ರಶ್ನೆಗೆ ಉತ್ತರವೆಂಬಂತೆ ಕೆಲವೇ ವರ್ಷಗಳಲ್ಲಿ ಒಬ್ಬ ತರುಣ ಅಧಿಕಾರಿ ನಾಗಪುರಕ್ಕೆ ವರ್ಗವಾಗಿ ಬಂದರು. ಅವರು ಚಂದ್ರಶೇಖರ ವೆಂಕಟ ರಾಮನ್.

ರಾಮನ್ 1907ರಲ್ಲಿ ಮದರಾಸಿನಲ್ಲಿ ಭೌತಶಾಸ್ತ್ರದ ಎಂ.ಎ. ಮುಗಿಸಿದವರು, ವಿದ್ಯಾರ್ಥಿಯಾಗಿದ್ದಾಗಲೇ ಸಂಶೋಧನಾ ಲೇಖನ ಪ್ರಕಟಿಸಿದವರು. ತಂದೆ ಸ್ವತಃ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಹೀಗಿದ್ದೂ ಅವರು ಸೇರಿದ್ದು ಸರ್ಕಾರದ ಹಣಕಾಸು ಇಲಾಖೆಗೆ. ಕಲ್ಕತ್ತ, ರಂಗೂನ್, ನಾಗಪುರ ಎಂದು ಲೆಕ್ಕಪತ್ರ ತಪಾಸಣೆಯ ಹುದ್ದೆಯಲ್ಲೇ ಸುತ್ತಿದರು. ಬಿಡುವಿನ ವೇಳೆಯಲ್ಲಿ ಸ್ವಂತ ಪ್ರಯೋಗಗಳು. 1917ರಲ್ಲಿ ಕಡಿಮೆ ಸಂಬಳವಾದರೂ ಸರಿಯೆಂದು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೆ ಬಂದಾಗಲಷ್ಟೇ ಅವರು ಪೂರ್ಣಕಾಲದ ವಿಜ್ಞಾನಿಯಾದದ್ದು. ವಿಜ್ಞಾನ ಬಲ್ಲ ಮನೆಯ, ದೇಶದ ಅತ್ಯುತ್ತಮ ವಿದ್ಯಾರ್ಥಿಯ ಕಥೆಯೇ ಹೀಗಿದ್ದರೆ ಉಳಿದವರ ಪಾಡೇನು? ವಿಜ್ಞಾನದ ಓದು ಅಂದು ಕೊಡುತ್ತಿದ್ದುದು ಪದವಿಯ ಮುದ್ರೆಯನ್ನು. ಆ ಮುದ್ರೆಗೆ ಬೆಲೆ ಬರುತ್ತಿದ್ದುದು ಕಚೇರಿಯಲ್ಲಿ, ಪ್ರಯೋಗಶಾಲೆಯಲ್ಲಲ್ಲ.

ಇದೇ ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಬೆಂಗಳೂರಿಗರ ಬಾಯಲ್ಲಿ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ನಾಗಪುರದ ಗಿರಣಿಯಿಂದ ಏಳಿಗೆ ಕಂಡ ಜಮ್‌ಶೆಟ್‌ಜಿ 1898ರಲ್ಲಿ ಅದರ ಕನಸನ್ನು ಮುಂದಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಜಮ್‌ಶೆಟ್‌ಜಿ ತೀರಿಕೊಂಡ ಐದು ವರ್ಷಗಳ ಮೇಲೆ, 1909ರಲ್ಲಿ, ಸಂಸ್ಥೆ ಅಸ್ತಿತ್ವಕ್ಕೆ ಬಂತು. ನಾಗಪುರ ರಾಮನ್ನರನ್ನು ಮರೆಯಲಿಲ್ಲ. 1992ರಲ್ಲಿ ಗಾಂಧಿಸಾಗರ ಕೆರೆಯ ಎದುರು ತೆರೆದ ವಿಜ್ಞಾನ ಕೇಂದ್ರಕ್ಕೆ ಅವರದೇ ಹೆಸರು.

ಮುದ್ದೇನಹಳ್ಳಿಯ ಹುಡುಗನ ಪಾಠ

ವಿಶ್ವೇಶ್ವರಯ್ಯನವರ ಬದುಕೂ ಮೊದಲು ಹೆತ್ತವರ ಲೆಕ್ಕದಂತೆಯೇ ನಡೆಯಿತು. ಎಳೆಯ ವಯಸ್ಸಿನಲ್ಲೇ ತಂದೆ ಹೋದರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಹೊಟ್ಟೆಪಾಡಿಗೆ ಮನೆಪಾಠ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬೈ ಪ್ರಾಂತ್ಯಕ್ಕೇ ಮೊದಲಿಗರಾದರು. ಮರುವರ್ಷವೇ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ವಿದ್ಯಾರ್ಥಿವೇತನ ಇಲ್ಲದಿದ್ದರೆ ಪುಣೆ ಇಲ್ಲ, ಸರ್ಕಾರಿ ಹುದ್ದೆ ಇಲ್ಲದಿದ್ದರೆ ಪುಣೆಯ ಓದಿಗೆ ಅರ್ಥವಿಲ್ಲ.

ಆದರೆ ಅಧಿಕಾರಕ್ಕೆ ಬಂದ ಮೇಲೆ ಅವರು ಬೇರೆ ಮಾತು ಆಡಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆ ಬಂದಾಗ, ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗೆ ಸಂಸ್ಥಾನದ ಬೆಂಬಲ ಇರುತ್ತದೆಯೇ ಎಂದು ಕೇಳಿ ತಿಳಿದುಕೊಂಡೇ ಒಪ್ಪಿಕೊಂಡರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಹೆಬ್ಬಾಳದ ಕೃಷಿ ಶಾಲೆ ಆರಂಭವಾದವು. 1921-22ರಲ್ಲಿ ಮುಂಬೈ ಪ್ರಾಂತ್ಯದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೂ ಅವರೇ ಅಧ್ಯಕ್ಷರು. ಓದಿದ ಹುಡುಗ ಸರ್ಕಾರದ ಬಾಗಿಲಲ್ಲಿ ನಿಲ್ಲದೆ ಉತ್ಪಾದನೆಗೆ ಇಳಿಯಬೇಕು, ಶಿಸ್ತು, ಅಳತೆ, ವೇಳಾಪಾಲನೆ ಅವನ ಮೈಗೆ ಹತ್ತಬೇಕು ಎಂಬುದು ಅವರ ಹಂಬಲ.

ಈ ಹಂಬಲದ ಅಚ್ಚುಕಟ್ಟಾದ ರೂಪ ಬೆಂಗಳೂರಿನಲ್ಲಿದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಿದ್ದ, ಲಕ್ಷ ರೂಪಾಯಿ ಮೀರಿದ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದನ್ನು ಅದರಿಂದ ತೆರೆಯಿರಿ ಎಂದರು. ನಿಮ್ಮ ಹೆಸರಿಡುತ್ತೇವೆ ಎಂದಾಗ ಒಪ್ಪದೆ ಮಹಾರಾಜರ ಹೆಸರನ್ನು ಸೂಚಿಸಿದರು. 1943ರಲ್ಲಿ ಆರಂಭವಾದ ಅದು ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಕೈಕಸುಬು ಕಲಿಸುವ ಶಾಲೆಯಿಂದ ತಮ್ಮ ಹೆಸರನ್ನು ಅವರೇ ದೂರವಿಟ್ಟರು. ಪದವಿ ಕೊಡುವ ನಾಗಪುರದ ಕಾಲೇಜಿಗೆ ಅವರ ಹೆಸರನ್ನು ಬೇರೆಯವರು ಇಟ್ಟರು.

ಕಾಮಠಿಯ ಉಯಿಲು, ವರ್ಧಾದ ತಕಲಿ

ವಿಶ್ವೇಶ್ವರಯ್ಯನವರ ಹಂಬಲ ಅವರೊಬ್ಬರದೇ ಆಗಿರಲಿಲ್ಲ. ನಾಗಪುರದ ಪಕ್ಕದ ಕಾಮಠಿಯಲ್ಲಿ ಡಿ. ಲಕ್ಷ್ಮೀನಾರಾಯಣ ಎಂಬ ಸಿರಿವಂತ ಉದ್ಯಮಿ ಇದ್ದರು. 1930ರಲ್ಲಿ ಅವರು ತೀರಿಕೊಂಡಾಗ ಉಯಿಲು ಹೊರಬಂತು. ಸುಮಾರು 35 ಲಕ್ಷ ರೂಪಾಯಿಯ ಆಸ್ತಿ ನಾಗಪುರ ವಿಶ್ವವಿದ್ಯಾಲಯಕ್ಕೆ! ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಏಳು ವರ್ಷ. ಷರತ್ತು ಒಂದೇ, ಆ ಹಣದಿಂದ ಅನ್ವಯಿಕ ವಿಜ್ಞಾನ ಮತ್ತು ರಸಾಯನಶಾಸ್ತ್ರವನ್ನು ಕಲಿಸಬೇಕು. ಸುತ್ತಲೂ ಹತ್ತಿ, ಎಣ್ಣೆಕಾಳು, ಮ್ಯಾಂಗನೀಸ್ ಅದಿರು. ಇವನ್ನೆಲ್ಲ ಮೂಟೆ ಕಟ್ಟಿ ಹೊರಗೆ ಕಳಿಸುವ ನೆಲದಲ್ಲಿ, ಇವುಗಳಿಂದ ಏನಾದರೂ ಮಾಡಬಲ್ಲವರನ್ನು ತಯಾರಿಸುವ ವಿದ್ಯೆ ಅದು. ಉಯಿಲಿನಿಂದ ಸಂಸ್ಥೆ ಮೂಡಲು ಹನ್ನೆರಡು ವರ್ಷ ಹಿಡಿಯಿತು. ಲಕ್ಷ್ಮೀನಾರಾಯಣ ತಂತ್ರಜ್ಞಾನ ಸಂಸ್ಥೆ ಆರಂಭವಾದದ್ದು 1942ರಲ್ಲಿ.

ಈ ಹನ್ನೆರಡು ವರ್ಷಗಳ ನಡುವೆ, ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದ ವರ್ಧಾದಲ್ಲಿ ಇನ್ನೊಂದು ಮಾತು ಎದ್ದಿತು. 1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಏಳು ವರ್ಷ ಉಚಿತ, ಕಡ್ಡಾಯ ಶಿಕ್ಷಣ, ತಾಯ್ನುಡಿಯಲ್ಲಿ ಕಲಿಕೆ, ಯಾವುದಾದರೊಂದು ಕೈಕಸುಬೇ ಇಡೀ ಪಾಠದ ಕೇಂದ್ರ, ಕ್ರಮೇಣ ಆ ಕಸುಬಿನ ಆದಾಯದಿಂದಲೇ ಮೇಷ್ಟ್ರ ಸಂಬಳ. ಝಾಕಿರ್ ಹುಸೇನ್ ಸಮಿತಿ ಇದಕ್ಕೆ ಪಠ್ಯಕ್ರಮ ರೂಪಿಸಿತು. ತಕಲಿಯಲ್ಲಿ ನೂಲುತ್ತ ಗಣಿತವನ್ನು, ಹತ್ತಿಯ ಮೂಲಕ ಭೂಗೋಳವನ್ನು, ವಿಜ್ಞಾನವನ್ನು ಕಲಿಯುವ 'ನಯೀ ತಾಲೀಮ್' ಹುಟ್ಟಿತು.

ಭಾರಿ ಕೈಗಾರಿಕೆಯ ವಿಷಯದಲ್ಲಿ ಗಾಂಧೀಜಿ ಮತ್ತು ವಿಶ್ವೇಶ್ವರಯ್ಯ ಎದುರುಬದುರಾದವರು. ಒಬ್ಬರಿಗೆ ತಕಲಿ, ಇನ್ನೊಬ್ಬರಿಗೆ ಲೇತ್ ಯಂತ್ರ. ಆದರೆ ಹೆತ್ತವರ ಮುಂದೆ ನಿಂತಾಗ ಇಬ್ಬರ ಮಾತೂ ಒಂದೇ ಆಗಿ ಕೇಳಿಸುತ್ತಿತ್ತು: ನಿಮ್ಮ ಮಗುವಿಗೆ ಕೈ ಬಳಸುವುದನ್ನು ಕಲಿಸಿ, ಗುಮಾಸ್ತನನ್ನಾಗಿ ಮಾಡಬೇಡಿ.

ಹೆತ್ತವರು ಸುಲಭಕ್ಕೆ ಒಪ್ಪಲಿಲ್ಲ. ನೂಲುವುದನ್ನು ಕಲಿಯಲು ಶಾಲೆಗೇಕೆ ಹೋಗಬೇಕು ಎಂಬುದು ಒಂದು ಅನುಮಾನ. ಪಟ್ಟಣದ ಮಕ್ಕಳಿಗೆ ಇಂಗ್ಲಿಷ್ ಹೈಸ್ಕೂಲು, ಹಳ್ಳಿಯ ಮಕ್ಕಳಿಗೆ ತಕಲಿಯೇ ಎಂಬುದು ಇನ್ನೊಂದು. ಸ್ವಾತಂತ್ರ್ಯಾನಂತರ ಬುನಾದಿ ಶಾಲೆಗಳು ದೇಶದಾದ್ಯಂತ ಸೊರಗಿದ್ದಕ್ಕೆ ಈ ಎರಡನೆಯ ಅನುಮಾನವೂ ಒಂದು ಕಾರಣ. ಅನುಕೂಲವಂತರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಲಿಲ್ಲ. ಅವರು ಕಳಿಸದ ಶಾಲೆ ಒಳ್ಳೆಯದಿರಲಾರದು ಎಂದು ಉಳಿದವರು ಸರಿಯಾಗಿಯೇ ಊಹಿಸಿದರು.

1942

ಇಷ್ಟು ಹೊತ್ತೂ ಹೇಳಿದ್ದು ಬಹುಪಾಲು ಮೇಲ್ಜಾತಿಯ ಹೆತ್ತವರ ಕಥೆ. 'ಭಾರತೀಯರಿಗೆ ಕೈಕೆಲಸವೆಂದರೆ ತಾತ್ಸಾರ' ಎಂಬ ಸುಧಾರಕರ ದೂರು ಅವರಿಗೆ ಮಾತ್ರ ಅನ್ವಯಿಸುತ್ತದೆ. ಎಂಪ್ರೆಸ್ ಗಿರಣಿಯ ದುಡಿಮೆಗಾರರಲ್ಲಿ ದೊಡ್ಡ ಸಂಖ್ಯೆಯ ಮಹಾರರಿದ್ದರು. ಅವರಿಗೆ ಕೈಕೆಲಸದ ಘನತೆಯ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಹುಟ್ಟಿನಿಂದಲೇ ಕೈಗೆ ಕಟ್ಟಿದ ಕೆಲಸದಿಂದ ಬಿಡುಗಡೆ ಪಡೆಯುವುದೇ ಅವರಿಗೆ ಶಿಕ್ಷಣದ ಅರ್ಥ. ಮಗ ಅಪ್ಪನ ಕಸುಬನ್ನೇ ಕಲಿಯಲಿ ಎಂಬ ಮಾತು ಒಂದು ಕೇರಿಯಲ್ಲಿ ಪರಂಪರೆಯಂತೆ ಕೇಳಿಸಿದರೆ ಇನ್ನೊಂದು ಕೇರಿಯಲ್ಲಿ ಶಿಕ್ಷೆಯಂತೆ ಕೇಳಿಸುತ್ತದೆ.

ನಾಗಪುರದ ಕೌಸಲ್ಯಾ ಬೈಸಂತ್ರಿ 1999ರಲ್ಲಿ ಪ್ರಕಟಿಸಿದ ಹಿಂದಿ ಆತ್ಮಕಥೆ 'ದೋಹರಾ ಅಭಿಶಾಪ್'ನಲ್ಲಿ ಇಂಥ ಮನೆಯೊಂದರ ಚಿತ್ರವಿದೆ. ಅವರ ತಂದೆ ತಾಯಿ ಇಬ್ಬರೂ ಎಂಪ್ರೆಸ್ ಗಿರಣಿಯಲ್ಲಿ ದುಡಿದವರು. ಅಂಬೇಡ್ಕರರ ಮಾತಿನಿಂದ ಪ್ರೇರಿತರಾಗಿ, ನೆರೆಹೊರೆಯ ಕೊಂಕುನುಡಿ ಸಹಿಸಿಕೊಂಡು, ಹೆಣ್ಣುಮಕ್ಕಳನ್ನು ಓದಿಸಿದರು. ಆ ತಾಯಿ ಬಯಸಿದ್ದನ್ನು ಬರೀ ನೌಕರಿಯ ಆಸೆ ಎನ್ನಲಾಗದು. ತಲೆಯೆತ್ತಿ ನಡೆಯುವುದು, ಮಾತಾಡಬಲ್ಲವರಾಗುವುದು, ಕಾಗದ ಓದಿ ಸಹಿ ಹಾಕುವ ಮೊದಲು ಅರ್ಥ ಮಾಡಿಕೊಳ್ಳುವುದು, ಇವೂ ಹೆತ್ತವರು ಓದಿನಿಂದ ನಿರೀಕ್ಷಿಸಿದ ಕೌಶಲಗಳೇ.

1942ರ ಜುಲೈನಲ್ಲಿ ಪರಿಶಿಷ್ಟ ಜಾತಿಗಳ ಅಖಿಲ ಭಾರತ ಸಮ್ಮೇಳನ ನಾಗಪುರದಲ್ಲಿ ನಡೆಯಿತು. ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿದ್ದು ಅಲ್ಲೇ. ಜೊತೆಯಲ್ಲೇ ಮಹಿಳೆಯರ ಸಮ್ಮೇಳನವೂ ನಡೆಯಿತು. ಅದೇ ದಿನಗಳಲ್ಲಿ ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರು ವೈಸ್‌ರಾಯ್‌ಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿಯೊಂದನ್ನು ಸಲ್ಲಿಸಿದರು. ಅದರಲ್ಲಿನ ಶಿಕ್ಷಣದ ಭಾಗ, ಹೆತ್ತವರ ಆಯ್ಕೆಯ ಬಗ್ಗೆ ಆ ಕಾಲದಲ್ಲಿ ಬಂದ ಅತಿ ಸ್ಪಷ್ಟ ವಿವರಣೆಗಳಲ್ಲೊಂದು. ಕಲಾ ವಿಷಯ, ಕಾನೂನು ಓದಿದರೆ ತಮ್ಮ ಜನಕ್ಕೆ ಅಂಥ ಪ್ರಯೋಜನವಿಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು ಎನ್ನುತ್ತಾರೆ ಅವರು. ಹಾಗಾದರೆ ಹೆಚ್ಚಿನವರು ಕಲೆ, ಕಾನೂನುಗಳ ಕಡೆಗೇಕೆ ಹೋಗುತ್ತಿದ್ದಾರೆ? ಆಸಕ್ತಿಯಿಂದಲ್ಲ, ತಾತ್ಸಾರದಿಂದಲೂ ಅಲ್ಲ. ವಿಜ್ಞಾನದ ಓದಿನ ಖರ್ಚನ್ನು ಅವರು ಭರಿಸಲಾರರು, ಅಷ್ಟೇ.

ಬೇರೆಯವರು ಮನೋಭಾವದ ದೋಷ ಕಂಡ ಕಡೆ ಅಂಬೇಡ್ಕರ್ ಖರ್ಚಿನ ಲೆಕ್ಕ ಕಂಡರು. ಆದ್ದರಿಂದ ಅವರ ಬೇಡಿಕೆಗಳೂ ಲೆಕ್ಕದ ಭಾಷೆಯಲ್ಲೇ ಇದ್ದವು. ವಿಜ್ಞಾನ, ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎರಡು ಲಕ್ಷ ರೂಪಾಯಿಯ ವಿದ್ಯಾರ್ಥಿವೇತನ, ವಿದೇಶದ ಓದಿಗೆ ಒಂದು ಲಕ್ಷ. ಅದರ ಜೊತೆಗೆ, ಸರ್ಕಾರದ ಮುದ್ರಣಾಲಯಗಳಲ್ಲಿ, ರೈಲ್ವೆ ಕಾರ್ಯಾಗಾರಗಳಲ್ಲಿ ತಮ್ಮ ಹುಡುಗರಿಗೆ ಅಪ್ರೆಂಟಿಸ್ ತರಬೇತಿ. ಗಮನಿಸಿ, ಅವರು ಬರೀ ಕಾಲೇಜು ಕೇಳಲಿಲ್ಲ, ಬರೀ ಕಸುಬನ್ನೂ ಕೇಳಲಿಲ್ಲ. ಕಲಿಯುವ ವರ್ಷಗಳ ಖರ್ಚು ಹೊರುವವರನ್ನೂ, ಕಲಿತದ್ದನ್ನು ಬಳಸುವ ಜಾಗವನ್ನೂ ಒಟ್ಟಿಗೆ ಕೇಳಿದರು. ಎರಡು ವರ್ಷಗಳಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿತು. ಇಂದಿಗೂ ಲಕ್ಷಾಂತರ ಮಕ್ಕಳು ಓದುತ್ತಿರುವುದು ಅಲ್ಲಿಂದ ಬೆಳೆದುಬಂದ ಯೋಜನೆಯ ಬಲದಿಂದ.

ಅರ್ಧ ಸೀಟು ಹೊರಗಿನವರಿಗೆ

ಸ್ವತಂತ್ರ ಭಾರತ ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿಯೇ ಕಟ್ಟಿತು. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಬಂತು, ಅದರಿಂದ ಐ.ಟಿ.ಐ.ಗಳು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ. ಇನ್ನೊಂದು ಕಡೆ ಎರಡನೆಯ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳು. ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಇವುಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಅರ್ಧ ಹೊರರಾಜ್ಯದವರಿಗೆ. ಕರ್ನಾಟಕದ ಪಾಲಿಗೆ ಸುರತ್ಕಲ್, ಮಹಾರಾಷ್ಟ್ರದ ಪಾಲಿಗೆ ನಾಗಪುರ, ಎರಡೂ 1960ರಲ್ಲಿ.

ನಾಗಪುರದಲ್ಲಿ 1956ರ ಜುಲೈಯಿಂದಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದಿತ್ತು. 1960ರ ಜೂನ್‌ನಲ್ಲಿ ಅದನ್ನು ಸೇರಿಸಿಕೊಂಡು ಹೊಸ ಕಾಲೇಜು ಆರಂಭವಾಯಿತು. ಈ ಕಾಲವೂ ಮುಖ್ಯ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡಿತು, ಸಚಿವಾಲಯ ಭೋಪಾಲಕ್ಕೆ ಹೋಯಿತು. ತೊಂಬತ್ತೈದು ವರ್ಷ ಊರಿನ ಮಧ್ಯಮವರ್ಗವನ್ನು ಸಾಕಿದ ಕುರ್ಚಿಗಳು ಕಡಿಮೆಯಾದವು. ಅಂದು ಬಿ.ಎ. ಎಂದರೆ ಇದ್ದ ಭದ್ರತೆ ಈಗ ಬಿ.ಇ. ಎಂದರೆ ಇತ್ತು. ಅಣೆಕಟ್ಟು, ವಿದ್ಯುತ್ ಮಂಡಳಿ, ಉಕ್ಕಿನ ಕಾರ್ಖಾನೆ ಕಟ್ಟುತ್ತಿದ್ದ ಸರ್ಕಾರಕ್ಕೆ ಎಂಜಿನಿಯರುಗಳು ಬೇಕಿದ್ದರು. ಎಂಜಿನಿಯರ್ ಮಗ ಎಂದರೆ ಸರ್ಕಾರಿ ನೌಕರ ಮಗ ಎಂದೇ ಅರ್ಥವಾಗುತ್ತಿತ್ತು. ಹೆತ್ತವರು ವಿಶ್ವೇಶ್ವರಯ್ಯನವರ ಮಾತು ಕೇಳಿ ಮನಸ್ಸು ಬದಲಿಸಿದರು ಎನ್ನುವುದಕ್ಕಿಂತ, ಕುರ್ಚಿ ಜಾಗ ಬದಲಿಸಿದಾಗ ಅವರೂ ಜಾಗ ಬದಲಿಸಿದರು ಎನ್ನುವುದು ಸರಿ.

ಕೈಕೆಲಸ ಏನಾಯಿತು? ಎಂಜಿನಿಯರಿಂಗಿನ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡುವುದಕ್ಕೆ, ಮರದಲ್ಲಿ ಜೋಡಣೆ ಕೂಡಿಸುವುದಕ್ಕೆ ಅದು ಇಳಿಯಿತು. ಅದನ್ನೇ ಜೀವನವಾಗಿ ಕಲಿಯುವವರು ಐ.ಟಿ.ಐ.ಗೆ ಹೋದರು. ಅಲ್ಲಿಗೆ ಹೋಗುವುದು ಹತ್ತನೇ ತರಗತಿಯಲ್ಲಿ ಅಂಕ ಕಡಿಮೆ ಬಂದವರು ಎಂಬ ಹಣೆಪಟ್ಟಿ ಬೇಗನೆ ಅಂಟಿತು. ಇತ್ತ ಎಂಪ್ರೆಸ್ ಗಿರಣಿ 1980ರ ದಶಕದಲ್ಲಿ ಟಾಟಾಗಳ ಕೈಬಿಟ್ಟು ಸರ್ಕಾರದ ಕೈಸೇರಿ, ಆಮೇಲೆ ಪೂರ್ತಿ ಮುಚ್ಚಿತು. ಆ ಜಾಗದಲ್ಲಿ ಈಗ ಮಾಲ್ ಇದೆ. ತಲೆಮಾರುಗಳು ನೂಲಿನ ಎಳೆ ಹಿಡಿದು ಕಲಿತ ಕೌಶಲಕ್ಕೆ ಒಂದು ಬೀಗ ಬಿದ್ದ ದಿನ ಬೆಲೆ ಇಲ್ಲದಾಯಿತು. ಮಕ್ಕಳು ಪದವಿಯನ್ನೇ ಹಿಡಿಯಲಿ ಎಂದು ಹಠ ಹಿಡಿದ ಗಿರಣಿ ಕಾರ್ಮಿಕರ ಭಯ ಎಷ್ಟು ನಿಜವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2002ರಲ್ಲಿ ವಿ.ಆರ್.ಸಿ.ಇ. ಡೀಮ್ಡ್ ವಿಶ್ವವಿದ್ಯಾಲಯವಾಗಿ ವಿ.ಎನ್.ಐ.ಟಿ. ಆಯಿತು. ಲಕ್ಷ್ಮೀನಾರಾಯಣ ಸಂಸ್ಥೆಯೂ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕಸುಬಿನ ಪರಿಚಯವಾಗಬೇಕು, ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಮಕ್ಕಳು ಪುಸ್ತಕದ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕು ಎನ್ನುತ್ತದೆ. ವರ್ಧಾದ ದನಿ ಇದರಲ್ಲಿ ಕೇಳಿಸುತ್ತದೆ. ಹಿಂದಿನಂತೆಯೇ ಇಂದೂ ನೀತಿಯ ಕಡತ ಸೃಜನಶೀಲತೆ, ಸಮಸ್ಯೆ ಬಿಡಿಸುವ ಶಕ್ತಿ, ಒಟ್ಟಾಗಿ ದುಡಿಯುವ ಗುಣ ಎನ್ನುತ್ತದೆ. ಕೌನ್ಸೆಲಿಂಗ್ ದಿನ ಸರತಿಯಲ್ಲಿ ನಿಂತ ಅಪ್ಪ ಕೇಳುವುದು ಪ್ಲೇಸ್‌ಮೆಂಟ್ ಹೇಗಿದೆ ಎಂದು.

ಅವನು ಸೃಜನಶೀಲತೆಯ ವಿರೋಧಿಯಲ್ಲ. ಮಗಳು ಏನನ್ನಾದರೂ ಮಾಡಬಲ್ಲವಳಾಗಲಿ ಎಂಬ ಆಸೆ ಅವನಿಗೂ ಇದೆ. ಆದರೆ ನಾಲ್ಕು ವರ್ಷದ ಫೀಸು ಅವನದು, ಸಾಲ ಅವನದು, ಕಲಿತದ್ದು ಫಲಿಸದಿದ್ದರೆ ನಷ್ಟವೂ ಅವನದೇ. ಕೆಲಸ ಬಂದರೆ ಸಾಕೋ, ಕೆಲಸ ಸಿಗಲೇಬೇಕೋ ಎಂಬುದು ಆ ನಷ್ಟವನ್ನು ಯಾರು ಹೊರುತ್ತಾರೆ ಎಂಬುದರ ಮೇಲೆ ನಿಂತಿದೆ. ತಕಲಿ ಕೊಟ್ಟವರೂ ಲೇತ್ ಕೊಟ್ಟವರೂ ಹೆತ್ತವರ ಮನಸ್ಸು ಬದಲಾಗಲಿ ಎಂದು ಕಾದರು. ವಿದ್ಯಾರ್ಥಿವೇತನ ಮತ್ತು ರೈಲ್ವೆ ಕಾರ್ಯಾಗಾರದ ಒಂದು ಜಾಗ, ಎರಡನ್ನೂ ಒಂದೇ ಮನವಿಯಲ್ಲಿ ಬರೆದವರು ಮಾತ್ರ ಹಾಗೆ ಕಾಯಲಿಲ್ಲ.